ಬಾಲ ಬಂತಾ?

ಗ್ಯಾರೇಜಿನ ಮೇಸ್ತ್ರಿಯ ಜೀಪು ಇಂಥಲ್ಲಿ ಹುಟ್ಟಿದ್ದು ಎಂದು ಹೇಳುವ ಹಾಗಿರಲಿಲ್ಲ. ಚಾಸಿ ಒಂದು ಗುಜರಿಯದು, ಎಂಜಿನ್ ಇನ್ನೊಂದು ಗುಜರಿಯದು, ಗೇರ್‌ಬಾಕ್ಸನ್ನು ಯಾರೋ ಕೋಳಿಗೂಡಿಗೆ ಒತ್ತಾಗಿ ಇಟ್ಟುಕೊಂಡಿದ್ದರು, ಅವರನ್ನು ಪುಸಲಾಯಿಸಿ ತಂದದ್ದು. ಬಾಗಿಲುಗಳನ್ನು ತಗಡು ಬಡಿದು ತಾನೇ ಮಾಡಿದ್ದ. ಹಾಗಾಗಿ ಎಡಗಡೆಯ ಬಾಗಿಲನ್ನು ಜೋರಾಗಿ ಹಾಕಿದರೆ ಬಲಗಡೆಯದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷದ ಭಾನುವಾರಗಳೆಲ್ಲ ಆ ಗಾಡಿಗೇ ಹೋಗಿದ್ದವು. ಅದನ್ನು ಅವನು ಒರೆಸುವುದನ್ನು ನೋಡಿ ಹೆಂಡತಿ, "ನನ್ನ ಮುಖಾನ ಯಾವತ್ತಾದ್ರೂ ಹೀಗೆ ನೋಡಿದ್ದೀರಾ?" ಎನ್ನುತ್ತಿದ್ದಳು. "ನಿನಗೆ ತುಕ್ಕು ಹಿಡಿಯಲ್ಲ ಬಿಡು" ಎನ್ನುತ್ತಿದ್ದ ಇವನು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಅವನು ಹೇಳಿದ ಒಳ್ಳೆಯ ಮಾತು ಅಂದರೆ ಅದೊಂದೇ.

ಗ್ಯಾರೇಜು ಮನೆಯ ಮುಂದೆಯೇ ಇತ್ತು. ನಡುವೆ ಗಾಡಿಯ ಅಡಿ ನೋಡುವ ಗುಂಡಿ, ಗೋಡೆಗೆ ಸ್ಪ್ಯಾನರುಗಳ ಸಾಲು, ಮೂಲೆಯಲ್ಲಿ ಸುಟ್ಟ ಆಯಿಲ್ಲಿನ ಡ್ರಮ್ಮು. ನಾಯಿ ಸಿಕ್ಕಿದ್ದೂ ಅಲ್ಲಿಯೇ. ಒಂದು ದಿನ ಗುಂಡಿಗೆ ಇಳಿದವನ ಕಾಲಿಗೆ ಅಂಗೈಯಷ್ಟು ಮರಿಯೊಂದು ತಗುಲಿತು. ಎಲ್ಲಿಂದ ಬಿತ್ತೋ, ಯಾರು ಬಿಟ್ಟರೋ ಗೊತ್ತಿಲ್ಲ. ಬಾಲ ಎನ್ನುವುದು ಹುಟ್ಟಾ ಇರಲಿಲ್ಲ, ಆ ಜಾಗದಲ್ಲಿ ಹೆಬ್ಬೆರಳಿನಷ್ಟು ಮೋಟು. ಹೆಂಡತಿ ಅದಕ್ಕೆ ಹಾಲು ಹಾಕಿ, ಖುಷಿಯಿಂದ ಅಲ್ಲಾಡುತ್ತಿದ್ದ ಆ ಮೋಟನ್ನು ನೋಡಿ ಬಿದ್ದು ಬಿದ್ದು ನಕ್ಕು, "ಇದರ ಹೆಸರು ಬಾಲ. ಹೆಸರಲ್ಲಾದರೂ ಇರಲಿ ಪಾಪ" ಎಂದಳು. ಆ ಹೆಸರೇ ಗಟ್ಟಿಯಾಯಿತು.

ಎಂಟು ವರ್ಷದ ಹಿಂದೆ ಮೇಸ್ತ್ರಿಯನ್ನು ಜೀಪಿನವರ ಗುಂಪಿಗೆ ಸೇರಿಸಿಕೊಂಡವರು ಅವನ ಗಿರಾಕಿ ವಕೀಲರು. ಹಳೇ ಜೀಪುಗಳನ್ನು ತೆಗೆದುಕೊಂಡು ಕೆಸರು, ಬಂಡೆ, ಹಳ್ಳಗಳಲ್ಲಿ ನುಗ್ಗಿಸಿ, ಗುಡ್ಡದ ಮೇಲೆ ಡೇರೆ ಹಾಕಿ ಎರಡು ದಿನ ಇದ್ದು ಬರುವ ಏಳೆಂಟು ಜನರ ಗುಂಪು ಅದು. ವಾರವೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಬೇರೆಯವರಿಗೆ ಬುದ್ಧಿ ಹೇಳುವವರು, ಶನಿವಾರ ಬಂತೆಂದರೆ ಮೈಗೆ ಕೆಸರು ಹತ್ತಿಸಿಕೊಳ್ಳಲು ಅಷ್ಟು ದೂರ ಹೋಗುತ್ತಿದ್ದರು. ಅವರ ನಡುವೆ ಕೈಯಿಂದ ಆಯಿಲ್ಲಿನ ಕಪ್ಪು ಎಂದೂ ಹೋಗದವನು ಇವನೊಬ್ಬನೇ. "ನೀವಿಲ್ಲದೆ ನಾವಿಲ್ಲ ಮೇಸ್ತ್ರಿ" ಎನ್ನುತ್ತಿದ್ದರು ವಕೀಲರು. ಮಾತೇನೋ ನಿಜವೇ. ಇವನಿಲ್ಲದಿದ್ದರೆ ಅರ್ಧ ಗಾಡಿಗಳು ಮನೆ ಗೇಟೂ ದಾಟುತ್ತಿರಲಿಲ್ಲ.

ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಸಾಲಾಗಿ ಹೊರಟಾಗ ಎಲ್ಲರಿಗಿಂತ ಕೊನೆಯ ಗಾಡಿಗೆ 'ಬಾಲ' ಎಂದು ಹೆಸರು. ಕಷ್ಟದ ಜಾಗ ದಾಟಿದ ಮೇಲೆ ಮುಂದಿನವರು ವಾಕಿಟಾಕಿಯಲ್ಲಿ "ಬಾಲ ಬಂತಾ?" ಎಂದು ಕೇಳಬೇಕು. ಕೊನೆಯವನು "ಬಾಲ ಬಂತು" ಎಂದರೆ ಯಾರೂ ಹಿಂದೆ ಉಳಿದಿಲ್ಲ, ನಡೆಯಿರಿ ಎಂದರ್ಥ. ಆ ಕೊನೆಯ ಜಾಗ ಎಂಟು ವರ್ಷವೂ ಮೇಸ್ತ್ರಿಗೇ. ಯಾರ ಗಾಡಿ ಕೆಟ್ಟರೂ ಹಿಂದಿನಿಂದ ಬಂದು ರಿಪೇರಿ ಮಾಡುವವನು ಅವನೇ ತಾನೆ? ಏಳು ಗಾಡಿಗಳ ಧೂಳು ಅವನ ಮೂಗಿಗೆ. ಪಕ್ಕದ ಸೀಟಿನಲ್ಲಿ ಬಾಲ ನೆಟ್ಟಗೆ ಕೂತು ಅದೇ ಧೂಳು ಕುಡಿಯುತ್ತಿತ್ತು. ವಾಕಿಟಾಕಿ ಕರಕರ ಎಂದರೆ ಸಾಕು, ತನ್ನ ಹೆಸರು ಬರುತ್ತದೆಂದು ಕಿವಿ ನಿಮಿರಿಸಿ ಒಂದು ಸಲ ಬೊಗಳುತ್ತಿತ್ತು. ಮೇಸ್ತ್ರಿ "ಬಾಲ ಬಂತು" ಎಂದರೆ ಗಾಡಿಯೂ ಬಂತು, ನಾಯಿಯೂ ಬಂತು. ಎಂಟು ವರ್ಷ ಎರಡು ಬಾಲಗಳೂ ಒಂದೇ ಗಾಡಿಯಲ್ಲಿದ್ದುದರಿಂದ ಯಾವುದು ಯಾವುದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಮೇಲೆ ನಗುತ್ತಿದ್ದರೂ ಒಳಗೊಳಗೇ ಅವನಿಗೆ ಉರಿಯುತ್ತಿತ್ತು. ಒಂದೇ ಒಂದು ಸಲ ತಾನು ಮುಂದೆ ಹೋಗಬೇಕು, ಧೂಳಿಲ್ಲದ ದಾರಿಯನ್ನು ಕಣ್ತುಂಬ ನೋಡಬೇಕು, ಇವರೆಲ್ಲ ತನ್ನ ಹಿಂದೆ ಬರಬೇಕು. ಈ ಆಸೆಯನ್ನು ಹೆಂಡತಿಯ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ.

ಆ ಸಲ ಹಳ್ಳದಾಚೆ, ಅರಣ್ಯ ಇಲಾಖೆಯ ಕಾವಲುಗಾರನ ಗುಡಿಸಲಿನ ಹತ್ತಿರ ಡೇರೆ ಹಾಕಿದ್ದರು. ಎರಡು ದಿನ ಬಿಟ್ಟು ಬಿಟ್ಟು ಮಳೆ. ಹೊರಡುವ ಬೆಳಿಗ್ಗೆ ವಕೀಲರು ಚಹಾ ಲೋಟ ಹಿಡಿದುಕೊಂಡು ಬಂದು, "ಮೇಸ್ತ್ರಿ, ಇವತ್ತು ನೀವೇ ಮುಂದೆ" ಎಂದರು.

"ನಾನಾ?"

"ಮತ್ತೆ? ಎಷ್ಟು ವರ್ಷ ಅಂತ ಹಿಂದೆ ಇರ್ತೀರಿ? ನಮ್ಮ ಬಾಮೈದ ಹೊಸಬ, ಅವನು ಬಾಲ ಆಗ್ಲಿ."

ಮೇಸ್ತ್ರಿ ಉಬ್ಬಿಹೋದ. ಹಳ್ಳದಲ್ಲಿ ರಾತ್ರಿಯಿಂದ ನೀರು ಏರಿತ್ತು, ಮೊದಲು ಇಳಿಯಲು ಯಾರಿಗೂ ಧೈರ್ಯವಿರಲಿಲ್ಲ, ಮುಳುಗಿದರೆ ಗುಜರಿ ಗಾಡಿಯೇ ಮುಳುಗಲಿ ಎಂಬ ಲೆಕ್ಕ ಅದರಲ್ಲಿತ್ತು. ಇದೆಲ್ಲ ಅವನಿಗೆ ಆಮೇಲೆ ಹೊಳೆಯಿತು. ಆಗ ಮಾತ್ರ ಗೌರವವೊಂದೇ ಕಂಡಿತು. ನಾವು ಯಾರಾಗಿದ್ದರೂ ನಮಗೂ ಅದೇ ಕಾಣುತ್ತಿತ್ತು, ಬಿಡಿ.

ನೀರಿಗೆ ಇಳಿಯುವುದನ್ನು ವಿಡಿಯೋ ಮಾಡಬೇಕೆಂದು ವಕೀಲರ ಸ್ನೇಹಿತರೊಬ್ಬರು ಕ್ಯಾಮೆರಾ ಹಿಡಿದು ಬಂದು ನಾಯಿಯ ಸೀಟಿನಲ್ಲಿ ಕೂತರು. "ನಾಯೀನ ಹಿಂದಿನ ಗಾಡಿಗೆ ಹಾಕಿ" ಎಂದರು. ಮೇಸ್ತ್ರಿ ಬಾಲವನ್ನು ಎತ್ತಿಕೊಂಡು ಹೋಗಿ ಬಾಮೈದನ ಗಾಡಿಯ ಹಿಂಬದಿಯಲ್ಲಿ ಕೂರಿಸಿ, "ಇಲ್ಲೇ ಇರು" ಎಂದು ತಲೆ ತಟ್ಟಿ ಬಾಗಿಲು ಹಾಕಿದ. ಬಾಮೈದ ದೂರದಲ್ಲಿ ಡೇರೆ ಮಡಚುತ್ತಿದ್ದ. ಅವನಿಗೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ನಿಲ್ಲುವ ಆತುರ. ಆಮೇಲೆ ಬಾಮೈದ ಡೇರೆ ತುಂಬಲೆಂದು ಬಾಗಿಲು ತೆಗೆದಾಗ ನಾಯಿ ಸದ್ದಿಲ್ಲದೆ ಹಾರಿ ಇಳಿದು, ಪೊದೆಗಳ ಕಡೆ ಯಜಮಾನನನ್ನು ಹುಡುಕುತ್ತಾ ಹೋಯಿತು.

ಹಳ್ಳ ಬಾನೆಟ್ಟಿನವರೆಗೆ ಬಂತು. ಮೇಸ್ತ್ರಿ ಗೇರು ಬದಲಿಸದೆ, ಕಾಲು ಅಲ್ಲಾಡಿಸದೆ, ಆಟಿಕೆ ಎಳೆದ ಹಾಗೆ ಜೀಪನ್ನು ದಡ ಹತ್ತಿಸಿದ. ಹಿಂದಿನಿಂದ ಸಿಳ್ಳೆ, ಚಪ್ಪಾಳೆ. ಒಂದೊಂದೇ ಗಾಡಿ ಅವನು ತೋರಿದ ಜಾಡಿನಲ್ಲೇ ದಾಟಿತು. ಅವನು ಅಷ್ಟರಲ್ಲಿ ತಿರುವು ದಾಟಿ ಹೋಗಿದ್ದ. ವಾಕಿಟಾಕಿ ಎತ್ತಿಕೊಂಡ. ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆ ಕೇಳುವ ಸರದಿ ಅವನದಾಗಿತ್ತು. ಗಾಡಿಗಳ ಚಿಂತೆ ಅವನಿಗಿರಲಿಲ್ಲ, ಕೇಳಿದ್ದು ನಾಯಿಯನ್ನೇ.

"ಬಾಲ ಬಂತಾ?"

"ಬಂತು ಬಂತು. ಬಾಲ ಬಂತು, ನಡೀರಿ ಮೇಸ್ತ್ರಿ" ಎಂದ ಬಾಮೈದ.

ಬೊಗಳಿದ ಸದ್ದು ಕೇಳಲಿಲ್ಲ. ಮೇಸ್ತ್ರಿಗೆ ಅದು ಚುಚ್ಚಿತು. ಇನ್ನೊಂದು ಸಲ ಕೇಳೋಣ ಎಂದು ಬಟನ್ನಿನ ಮೇಲೆ ಬೆರಳಿಟ್ಟ. ಆದರೆ ಮುಂದಿರುವವನು ಒಂದೇ ಮಾತನ್ನು ಎರಡು ಸಲ ಕೇಳಿದರೆ ಪುಕ್ಕಲ ಎಂದುಕೊಳ್ಳುತ್ತಾರಲ್ಲ? ಬೆರಳು ತೆಗೆದ. ಮುಂದೆ ಧೂಳಿಲ್ಲದ ದಾರಿ, ತೊಳೆದ ಹಾಗಿದ್ದ ಮರಗಳು. ಡಾಂಬರು ರಸ್ತೆಯವರೆಗಿನ ಹನ್ನೊಂದು ಕಿಲೋಮೀಟರು ಅವನು ಸುಖವಾಗಿಯೇ ಓಡಿಸಿದ, ಸುಳ್ಳೇಕೆ ಹೇಳಬೇಕು.

ಡಾಂಬರು ರಸ್ತೆಗೆ ಬಂದು ಎಲ್ಲರೂ ಇಳಿದಾಗ ಮೇಸ್ತ್ರಿ ಕೊನೆಯ ಗಾಡಿಯ ಹಿಂಬಾಗಿಲು ತೆಗೆದ. ಡೇರೆ, ಒಲೆ, ಒದ್ದೆ ಬೂಟುಗಳು. ಒಂದೊಂದನ್ನೇ ಎತ್ತಿ ಸರಿಸಿ ನೋಡಿದ.

"ಬಾಲ ಎಲ್ಲಿ?"

"ನಾನೇ ಅಲ್ವಾ ಬಾಲ? ಬೆಳಗ್ಗೆ ಭಾವ ಹೇಳಿದ್ರಲ್ಲ" ಎಂದ ಬಾಮೈದ. ಅವನ ಮುಖದಲ್ಲಿ ಕಪಟವಿರಲಿಲ್ಲ. ವಿಷಯ ತಿಳಿದ ಮೇಲೆ ತಲೆ ಕೆರೆದುಕೊಂಡು, "ಒಂದು ನಾಯಿ ಹಿಂದೆ ಓಡಿ ಬಂತಪ್ಪ ನೀರಿನ ತನಕ. ಕಾವಲುಗಾರನದು ಅಂದ್ಕೊಂಡೆ. ಟಾಟಾ ಬೇರೆ ಮಾಡಿದೆ" ಎಂದ. ಯಾರೋ ಕಿಸಕ್ಕೆಂದು ನಕ್ಕರು.

"ನಾನು ವಾಪಸ್ ಹೋಗ್ತೀನಿ. ಯಾರಾದ್ರೂ ಜೊತೆಗೆ ಬನ್ನಿ" ಎಂದ ಮೇಸ್ತ್ರಿ.

ಯಾರೂ ಮಿಸುಕಲಿಲ್ಲ. ಒಬ್ಬರಿಗೆ ಬೆಳಿಗ್ಗೆ ಮೀಟಿಂಗು, ಇನ್ನೊಬ್ಬರಿಗೆ ಸೊಂಟನೋವು. ವಕೀಲರು ಹೆಗಲ ಮೇಲೆ ಕೈಯಿಟ್ಟರು. "ನೀರು ಏರ್ತಾ ಇದೆ ಮೇಸ್ತ್ರಿ. ಒಂಟಿ ಗಾಡಿ ಹಳ್ಳಕ್ಕೆ ಇಳೀಬಾರದು ಅಂತ ನಿಯಮ ಮಾಡಿದ್ದೇ ನೀವು. ನಾಯಿ ತಾನೆ, ಹೇಗೋ ಬದುಕುತ್ತೆ. ನೀರು ಇಳೀಲಿ, ಎಲ್ಲರೂ ಒಟ್ಟಿಗೇ ಹೋಗಿ ತರೋಣ."

ಮೇಸ್ತ್ರಿ ಗಾಡಿ ತಿರುಗಿಸಲಿಲ್ಲ. ತಿರುಗಿಸಬಹುದಿತ್ತು, ಯಾರೂ ಅವನ ಕೈ ಕಟ್ಟಿ ಹಾಕಿರಲಿಲ್ಲ.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ, ಅದೇ ಕಷ್ಟವಾಯಿತು. ಮೂರು ದಿನ ನಾಯಿಯ ತಟ್ಟೆಯನ್ನು ತೊಳೆದು ತೊಳೆದು ಅಲ್ಲೇ ಇಟ್ಟಳು. ನಾಯಿ ತರಲು ಹೋಗೋಣ ಎಂದು ಗುಂಪಿನ ಒಬ್ಬರೂ ಫೋನ್ ಮಾಡಲಿಲ್ಲ. ವಕೀಲರು ಮಾಡಿದರು, ಹಳ್ಳ ದಾಟಿದ ವಿಡಿಯೋ ತುಂಬಾ ಚೆನ್ನಾಗಿ ಬಂದಿದೆ ಎಂದು ಹೇಳಲಿಕ್ಕೆ.

ಬುಧವಾರ ಮೇಸ್ತ್ರಿ ಒಬ್ಬನೇ ಹೊರಟ. ನೀರು ಮೊಣಕಾಲಿಗೆ ಇಳಿದಿತ್ತು. ಗುಡಿಸಲಿನ ಮುಂದೆ ಗಾಡಿ ನಿಲ್ಲಿಸಿ ಇಳಿಯುವಾಗ ಕಾವಲುಗಾರನೇ ಎದುರಿಗೆ ಬಂದ. ವಯಸ್ಸಾದ ಮನುಷ್ಯ, ಮಾತು ಕಡಿಮೆ.

"ನಿಮ್ಮದಾ ನಾಯಿ?"

"ಇದೆಯಾ?"

"ಇದೆ. ಕೊನೇ ಗಾಡಿ ಹಿಂದೇನೇ ನೀರಿಗೆ ಬಿತ್ತು. ಅಷ್ಟು ದೂರ ಕೊಚ್ಕೊಂಡು ಹೋಗಿ ಬಂಡೆಗೆ ಸಿಕ್ಕಾಕ್ಕೊಂಡಿತ್ತು. ನಾನು ಇಳಿದು ಎಳ್ಕೊಂಡೆ. ಒಂದು ಕಾಲು ಊರೋಕಾಗಲ್ಲ. ಗಾಡಿ ಸದ್ದು ಕೇಳಿದ್ರೆ ಮಂಚದ ಕೆಳಗೆ ಸೇರ್ಕೊಳ್ಳುತ್ತೆ."

ಮೇಸ್ತ್ರಿ ಬಗ್ಗಿ ಮಂಚದಡಿಗೆ ನೋಡಿ ಕರೆದ. ಸ್ವಲ್ಪ ಹೊತ್ತಿಗೆ ಬಾಲ ತೆವಳುತ್ತಾ ಬಂದು ಅವನ ಮೊಣಕಾಲ ನಡುವೆ ತಲೆ ಇಟ್ಟು ಕುಂಯ್‌ಗುಟ್ಟಿತು. ಮೋಟು ಪಟಪಟ ಆಡುತ್ತಿತ್ತು. ಐವತ್ತೆಂಟು ವರ್ಷದ ಗಂಡಸು, ಪರರ ಮುಂದೆ, ಗಳಗಳ ಅತ್ತ. "ನಡಿ, ಮನೆಗೆ ಹೋಗೋಣ" ಎಂದು ಎದ್ದ. ಅದು ಕುಂಟುತ್ತಾ ಅವನ ಕಾಲಿಗೆ ಅಂಟಿಕೊಂಡೇ ಬಂತು. ಜೀಪಿಗೆ ಹತ್ತು ಹೆಜ್ಜೆ ಇದೆ ಎನ್ನುವಾಗ ನಿಂತಿತು.

ಕರೆದ. ಬರಲಿಲ್ಲ. ಬ್ರೆಡ್ಡು ತೋರಿಸಿದ. ಗದರಿಸಿದ. ಕೊನೆಗೆ ಎತ್ತಿಕೊಂಡು ಹೋಗಿ ಅದೇ ಹಳೆಯ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದ. ಎಂಜಿನ್ ಗುರ್ರೆಂದಿದ್ದೇ ತಡ, ನಾಯಿ ಸೀಟೆಲ್ಲ ಒದ್ದೆ ಮಾಡಿಕೊಂಡು, ಬಾಗಿಲನ್ನು ಪರಪರ ಕೆರೆದು, ತಡೆಯಲು ಹೋದವನ ಮುಂಗೈಯನ್ನು ಕಚ್ಚಿ ಹಿಡಿಯಿತು. ಎಂಟು ವರ್ಷದಲ್ಲಿ ಒಂದು ಹಲ್ಲೂ ತಾಗಿಸದ ಪ್ರಾಣಿ. ಅವನು ಕೈ ಎಳೆದುಕೊಂಡ, ಬಾಗಿಲು ತೆರೆದುಕೊಂಡಿತು, ನಾಯಿ ಕೆಳಗೆ ಬಿದ್ದು ಮೂರು ಕಾಲಲ್ಲೇ ಮಂಚದ ಕೆಳಗೆ ಓಡಿತು.

"ನಡೆಸ್ಕೊಂಡು ಹೋಗಿ, ಬರುತ್ತೆ. ನಿಮ್ಮ ಹಿಂದೆ ಬರುತ್ತೆ. ಗಾಡಿ ಹಿಂದೆ ಬರಲ್ಲ. ಕಾಲು ನೋವು ಅಂದಾಗ ಎತ್ಕೊಳ್ಳಿ" ಎಂದ ಕಾವಲುಗಾರ.

ಹನ್ನೊಂದು ಕಿಲೋಮೀಟರು. ಎತ್ತಿಕೊಂಡೇ ನಡೆದರೂ ಸಂಜೆಗೆ ರಸ್ತೆ. ಅಲ್ಲಿಂದ ಮನೆಗೆ ಇನ್ನೂ ಎರಡು ದಿನದ ನಡಿಗೆ, ದಾರಿಯಲ್ಲಿ ಉಳಿಯಲು ಇವನ ಹತ್ತಿರ ಡೇರೆಯೂ ಇತ್ತು. ಆಗದ ಮಾತೇನಲ್ಲ. ಮೇಸ್ತ್ರಿ ಜೀಪಿನ ಕಡೆ ನೋಡಿದ. ಇಲ್ಲಿ ಬಿಟ್ಟು ಹೋದರೆ ಮತ್ತೆ ಮಳೆ ಬಂದು ಹಳ್ಳ ತುಂಬಿದರೆ? ಯಾರಾದರೂ ಬಂದು ಚಕ್ರ ಬಿಚ್ಚಿಕೊಂಡು ಹೋದರೆ? ಶನಿವಾರಕ್ಕೆ ವಕೀಲರ ಗಾಡಿಯ ಸ್ಟೇರಿಂಗು ಸರಿಮಾಡಿ ಕೊಡುವುದಿತ್ತು. ಮುಂದಿನ ಸಲವೂ ತನ್ನನ್ನೇ ಮುಂದೆ ಬಿಡುತ್ತಾರೇನೋ ಎಂಬ ಹಾಳು ಯೋಚನೆ ಕೂಡ, ಆ ಹೊತ್ತಿನಲ್ಲೂ, ಬಂದು ಹೋಯಿತು.

"ಇಲ್ಲೇ ಇರಲಿ. ಕಾಲು ವಾಸಿಯಾಗ್ಲಿ, ಬರ್ತೀನಿ" ಎಂದ.

ಕಾವಲುಗಾರ ಒಳಗೆ ಹೋಗಿ ಮಂಚದ ಪಕ್ಕ ಕೂತ.

ಮನೆ ಮುಟ್ಟುವ ಹೊತ್ತಿಗೆ ಹೆಂಡತಿ ಬಾಗಿಲಲ್ಲೇ ಇದ್ದಳು. ಅವನ ಮುಖವನ್ನಲ್ಲ, ಪಕ್ಕದ ಸೀಟನ್ನು ನೋಡಿದಳು. ದಾರಿಯುದ್ದಕ್ಕೂ ಮೇಸ್ತ್ರಿ ಮಾತು ಜೋಡಿಸಿಕೊಂಡು ಬಂದಿದ್ದ. ಬದುಕಿದೆ, ಆದರೆ ನನ್ನ ಜೊತೆ ಬರಲಿಲ್ಲ ಎನ್ನಬೇಕು. ಯಾಕೆ ಬರಲಿಲ್ಲ ಎಂದು ಅವಳು ಕೇಳುತ್ತಾಳೆ. ನಡೆಸಿಕೊಂಡು ಬರಬೇಕಿತ್ತು ಎನ್ನುತ್ತಾಳೆ. ನಾನೇ ಹೋಗಿ ತರ್ತೀನಿ ಎಂದು ಚಪ್ಪಲಿ ಮೆಟ್ಟುತ್ತಾಳೆ, ತಂದೂ ತರುತ್ತಾಳೆ. ಆಮೇಲೆ ಆ ನಾಯಿ ಅವಳ ಹಿಂದೆ ಕುಂಟುತ್ತಾ ಈ ಗ್ಯಾರೇಜಿನ ಮುಂದೆಯೇ ದಿನಾ ಓಡಾಡುತ್ತದೆ.

"ಸಿಗಲಿಲ್ಲ" ಎಂದ.

ಅವಳು ಅಳಲಿಲ್ಲ. ಅವನ ಮುಂಗೈಯ ರಕ್ತ ನೋಡಿ, "ಏನಾಯ್ತು?" ಎಂದಳು.

"ತಗಡು ಕೊಯ್ತು."

ಬಿಸಿನೀರು ತಂದಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ನೋಯದ ಹಾಗೆ ಒರೆಸಿದಳು. ಬಟ್ಟೆ ಸುತ್ತುತ್ತಾ, ಅವನನ್ನು ಸಮಾಧಾನ ಮಾಡಲೆಂದು ಮೆಲ್ಲಗೆ ಹೇಳಿದಳು: "ಕೊರಗಬೇಡಿ. ನಿಮ್ಮನ್ನು ಕಂಡ್ರೆ ಅದಕ್ಕೆ ಪ್ರಾಣ. ಪಾಪ, ಉಸಿರಿರೋ ತನಕ ನಿಮ್ಮ ಗಾಡೀನೇ ಹುಡುಕಿರುತ್ತೆ."

"ಹೂಂ" ಎಂದ ಮೇಸ್ತ್ರಿ.