ಉಡಿಯಲ್ಲಿ ಬಂದ ಜೋಳ

ಮಾನ್ವಿಯ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಅಂದು ಸಂಜೆ ಮರುದಿನದ ಪಾಠ ಓದುತ್ತಿದ್ದೆ. ಪಕ್ಕದಲ್ಲಿ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಾವಿರಾರು ವರ್ಷಗಳ ಹಿಂದೆ ಬೇಸಾಯ ನಿಧಾನವಾಗಿ ದೂರದ ಉತ್ತರದ ಹಿಮದ ನಾಡಿಗೂ ಹೋಯಿತು, ಚಳಿ ಬೀಳುವ ಮೊದಲೇ ಮಾಗಿದ ಬಾರ್ಲಿ ತೆನೆಗಳನ್ನು ಜನ ಬೀಜಕ್ಕೆ ಉಳಿಸಿಕೊಂಡರು ಎಂದು ಅವಳಿಗೂ ಹೇಳಿದೆ.

“ಅಷ್ಟು ದೂರ ಬೀಜ ಯಾರು ಒಯ್ದ್ರು?”

“ಗೊತ್ತಿಲ್ಲ ಬೇ. ಪುಸ್ತಕದಾಗ ಬರೇ ಜನ ಅಂತ ಅದ.”

“ಮದಿವಿ ಮಾಡಿ ಕೊಟ್ಟ ಹೆಣ್ಣಮಗಳೇ ಇರಬೇಕು.”

ಹೀಗೆಲ್ಲ ಊಹಿಸಿ ಪಾಠ ಹೇಳಲಾಗದು ಎಂದು ರೇಗುವವಳಿದ್ದೆ. ಅಷ್ಟರಲ್ಲಿ ಮೊರದತ್ತ ಕಣ್ಣು ಹೋಯಿತು. ದೇವದುರ್ಗದ ಒಣಭೂಮಿಯಿಂದ ಅವ್ವ ಈ ಗದ್ದೆಸೀಮೆಗೆ ಮದುವೆಯಾಗಿ ಬರುವಾಗ ಅಜ್ಜಿ ಅವಳ ಉಡಿ ತುಂಬಿದ್ದು ಅಕ್ಕಿಯಿಂದಲ್ಲ, ಬಿತ್ತನೆಯ ಜೋಳದಿಂದ. ಅವ್ವ ಅದನ್ನು ಕಾಲುವೆ ನೀರು ಹತ್ತದ ದಿಬ್ಬದಲ್ಲಿ ಬಿತ್ತಿ, ವರ್ಷ ವರ್ಷವೂ ಬೀಜ ಉಳಿಸಿಕೊಂಡು ಬಂದಿದ್ದಳು. ಮೊರದಲ್ಲಿದ್ದದ್ದೂ ಅದೇ ಬೀಜ. ಈಗ ತವರಿಗೂ ಕಾಲುವೆ ಬಂದಿದೆ. ಅಲ್ಲಿ ಆ ಜೋಳ ಉಳಿದಿಲ್ಲ.

“ಪಾಪ, ಬೀಜ ಒಯ್ದ ಆಕಿ ಮತ್ತ ತವರಿಗಿ ಹೋದಳೋ ಇಲ್ಲೋ,” ಎಂದಳು ಅವ್ವ.

ಅದೂ ಪುಸ್ತಕದಲ್ಲಿರಲಿಲ್ಲ.

“ನಾಳಿ ಕಾಲೇಜ ಮುಗಿಸಿ ದೇವದುರ್ಗಕ್ಕ ಹೋಗೂಣೇನು?” ಎಂದೆ.

ಅವ್ವ ಮೊರದ ಜೋಳವನ್ನು ಸೆರಗಿಗೆ ಸುರಿದುಕೊಂಡು ಗಂಟು ಹಾಕತೊಡಗಿದಳು.