ಹುಣಸೆಹಣ್ಣಿಗೆ ಸಿಕ್ಕ ಬೆಳ್ಳಿ

ಆಯುಧಪೂಜೆಯ ಬೆಳಿಗ್ಗೆ ನಮ್ಮವ್ವ ಒಂದು ಹಳೇ ಷೇವಿಂಗ್ ರೇಜರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂ ಮುಡಿಸಿದಳು. ಕುಡುಗೋಲು, ಈಳಿಗೆಮಣೆ, ನನ್ನ ಸ್ಕೂಟರು, ಅವುಗಳ ಸಾಲಿನಲ್ಲೇ ಅದೂ ಒಂದು. ನಗಬೇಡಿ. ನೋಡಿದ ನನಗೆ ಜೀವವೇ ಬಾಯಿಗೆ ಬಂದಿತ್ತು.

ಹಳೇ ಸೇಫ್ಟಿ ರೇಜರ್ ಕೂಡಿಡುವುದು ನನ್ನ ಹುಚ್ಚು. ಊರೆಲ್ಲ ಯೂಸ್ ಅಂಡ್ ಥ್ರೋಗೆ ತಿರುಗಿರುವಾಗ ನಾನು ಚಳ್ಳಕೆರೆಯ ಗುಜರಿ ಅಂಗಡಿಗಳಲ್ಲಿ ಮೂಟೆ ಕೆದಕುತ್ತಿರುತ್ತೇನೆ. (ನಾನು ಗಡ್ಡ ಬಿಟ್ಟಿದ್ದೇನೆ. ಅದು ಬೇರೆ ವಿಷಯ.) ಮನೆಯಲ್ಲಿ ಹದಿನೇಳಿವೆ. ತೂಕ ನೋಡಿ, ಹಿಡಿಯ ಬುಡದ ಮುದ್ರೆ ನೋಡಿ, ಮೇಲಿನ ಲೇಪನ ಎಷ್ಟು ಉಳಿದಿದೆ ನೋಡಿ ಬೆಲೆ ಕಟ್ಟಬಲ್ಲೆ. ಲೇಪನ ಹೋದರೆ ಬೆಲೆಯೂ ಹೋಯಿತು. ಅದಕ್ಕೇ ಈ ಹುಚ್ಚು ಇರುವ ಯಾರೂ ಹಳೇ ರೇಜರನ್ನು ಉಜ್ಜುವುದಿಲ್ಲ.

ಪೂಜೆಯಾದದ್ದು ನನ್ನ ಹದಿನೇಳರಲ್ಲಿ ಒಂದಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಅದು ಮೊಳಕಾಲ್ಮುರಿನ ಓಬಣ್ಣನವರದು. ರೇಷ್ಮೆ ಸೀರೆ ನೇಯುವ ಹಿರಿಯರು. ತೀರಿಹೋದ ಅಪ್ಪನದೆಂದು ಅವರ ಬಳಿ ಉಳಿದಿರುವುದು ಅದೊಂದೇ. ಅದರ ಬಿಳುಪು ನೋಡಿದವನೇ, ಇದು ಬೆಳ್ಳಿ ಲೇಪನ, ಬಹಳ ಅಪರೂಪದ್ದು ಎಂದು ತೀರ್ಪು ಕೊಟ್ಟಿದ್ದೆ. ಬೆಂಗಳೂರಿನ ಪರಿಚಯದವರಿಗೆ ತೋರಿಸಿ ತರುತ್ತೇನೆ ಎಂದಾಗ ರೇಷ್ಮೆಯ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದರು. “ಜ್ವಾಪಾನ ಮೇಷ್ಟ್ರೇ” ಎಂದರು, ಅಷ್ಟೇ.

ಬೆಂಗಳೂರು ಕಾಣುವ ಮೊದಲೇ ಅದು ಪೂಜೆಯ ಮಣೆಯ ಮೇಲೆ ಹಳದಿಯಾಗಿ ಹೊಳೆಯುತ್ತಿತ್ತು.

“ಏನ್ ಮಾಡ್ದೆ ಅವ್ವ?”

“ಅಲ್ಲಲ್ಲಿ ಮಸಿ ಹಿಡಿದಿತ್ತು ಕಣೋ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಬಂಗಾರ ಆಗೈತೆ ನೋಡು.”

“ಅದು ಬೆಳ್ಳಿದು ಅವ್ವ.”

“ಬೆಳ್ಳಿ ಆಗಿದ್ರೆ ಅಷ್ಟಕ್ಕೇ ಹೋಗ್ತಿತ್ತೇನೋ?”

ಆ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಚಿತ್ರದುರ್ಗದಲ್ಲಿ ಪಾಲಿಶ್ ಹಾಕುವವರಿದ್ದಾರೆ, ಗೊತ್ತಾಗದ ಹಾಗೆ ಬಿಳಿ ಮಾಡಿಸಿ ಕೊಟ್ಟರೆ ಹೇಗೆ? ಇಂಥ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ? ಆದರೆ ಓಬಣ್ಣ ಒಂದು ಚೀಟಿ ಸಹ ಕೇಳದೆ ಕೊಟ್ಟಿದ್ದರಲ್ಲ. ಅದು ಚುಚ್ಚುತ್ತಿತ್ತು. ಹಬ್ಬ ಮುಗಿದ ಮಾರನೆಯ ದಿನವೇ ಬಸ್ಸು ಹತ್ತಿದೆ.

ಓಬಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಿಂತ ಕಾಲಿನಲ್ಲೇ ಎಲ್ಲ ಹೇಳಿದೆ. ಅವರು ರೇಷ್ಮೆ ತುಂಡು ಬಿಚ್ಚಿದರು. ತಿರುಗಿಸಿದರು. ಬೆಳಕಿಗೆ ಹಿಡಿದರು.

ಆಮೇಲೆ ಭುಜ ಕುಣಿಯುವ ಹಾಗೆ ನಗತೊಡಗಿದರು. ಒಳಗಿದ್ದ ಹೆಂಡತಿಯನ್ನು ತೆಲುಗಿನಲ್ಲಿ ಕೂಗಿ ಕರೆದು ತೋರಿಸಿದರು. ಆಕೆಯೂ ನಕ್ಕರು.

“ಅದು ಬೆಳ್ಳಿ ಅಲ್ಲ ಮೇಷ್ಟ್ರೇ, ಬರೀ ತವರದ ಕಲಾಯಿ. ಹಿತ್ತಾಳೆ ಕಿಲುಬು ಮುಖಕ್ಕೆ ತಾಗ್ಬಾರ್ದು ಅಂತ ನಮ್ಮವ್ವ ಪಾತ್ರೆ ಜತೆಗೆ ಇದಕ್ಕೂ ಕಲಾಯಿ ಹಾಕ್ಸಿದ್ಲು. ನಮ್ಮಪ್ಪ ಇರೋ ತನಕ ಬೈಕಂಡೇ ಗಡ್ಡ ಕೆರ್ಕಂತಿದ್ದ.”

ಮುಖಕ್ಕೂ ಕಿಲುಬಿನ ಭಯ! ಸಾರಿನ ಪಾತ್ರೆಯ ನ್ಯಾಯವೇ ಗಡ್ಡಕ್ಕೂ. ಆ ತಾಯಿಯನ್ನು ನಾನು ಕಂಡವನಲ್ಲ, ಕಂಡಿದ್ದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವರು ಕೊಟ್ಟ ಕಾಫಿಯನ್ನು ಬಿಸಿ ನೋಡದೆ ಕುಡಿದು ನಾಲಿಗೆ ಸುಟ್ಟುಕೊಂಡೆ. ಅದೂ ಹಿತವಾಗಿತ್ತು.

“ಮತ್ತೆ ಅವತ್ತೇ ಹೇಳ್ಬಾರ್ದಿತ್ತೇನ್ರಿ ಓಬಣ್ಣಾರೆ?”

“ಹೆಂಗ್ ಹೇಳ್ಲಿ? ಓದ್ಕಂಡೋರು ನೀವು, ಬೆಳ್ಳಿ ಅಂದ್ರಿ. ಅಷ್ಟು ಖುಷಿಯಾಗಿದ್ರಿ. ಎದುರಾಡೋದು ಬ್ಯಾಡ ಅಂತ ಸುಮ್ಕಿದ್ದೆ.”

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ಕಲಾಯಿಗೆ ಮೊದ್ಲು ಹಿಂಗೇ ಇತ್ತು. ನಿಮ್ಮವ್ವಗೆ ಹೇಳ್ರಿ, ಚೆನ್ನಾಗಿ ತಿಕ್ಕ್ಯವ್ರೆ ಅಂತ” ಎಂದು ರೇಜರನ್ನು ಮಗ್ಗದ ಪಕ್ಕದ ಗೂಡಿನಲ್ಲಿಟ್ಟರು. ಬೆಲೆ ಎಷ್ಟೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬಸ್ಸಿನಲ್ಲಿ ಹಗುರಾಗಿ, ಒಬ್ಬನೇ ನಗುತ್ತಾ ಚಳ್ಳಕೆರೆಗೆ ಬಂದೆ. ಸುದ್ದಿ ಕೇಳಿದ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಹುಣಸೆಹಣ್ಣು ಇನ್ನೂ ಮಿಕ್ಕಿದೆಯಂತೆ.

ಈಗ ಹೇಳಿ, ನಾನೇ ಬೆಲೆ ಕಟ್ಟಿಟ್ಟಿರುವ ಆ ಹದಿನೇಳನ್ನು ಅವ್ವನ ಕೈಗೆ ಕೊಡುವ ಧೈರ್ಯ ನನಗಿದೆಯೇ?