ಹಿಂದಿನ ಸಾಲಿಗೆ ತಲುಪದ ಬೆಳಕು

ಬೆಳಕಿನ ಲೆಕ್ಕಾಚಾರ ಗೊತ್ತಿಲ್ಲದವರು ಫೋಟೋ ತೆಗೆಯುವವರ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಾಲೆಯ ಗಂಟೆ ಹೊಡೆಯಲು ಇನ್ನೂ ಬಹಳ ಹೊತ್ತಿದೆ. ಸಿಬ್ಬಂದಿ ಕೊಠಡಿಯ ಕಿಟಕಿಯ ಪಕ್ಕ ಎಲ್ಲರ ‘ಸ್ಟುಡಿಯೋ ಅಕ್ಕ’ ಕುರ್ಚಿ ಹಾಕಿ, ಅದರ ಇನ್ನೊಂದು ಬದಿಗೆ ಬಿಳಿ ರಟ್ಟೊಂದನ್ನು ಒರಗಿಸುತ್ತಿದ್ದಾರೆ. ಕಿಟಕಿಯ ಬೆಳಕು ರಟ್ಟಿಗೆ ತಾಗಿ ಆಚೆ ಕೆನ್ನೆಗೂ ಬರಲಿ ಎಂದು. ಫ್ಲ್ಯಾಶ್ ಇಂದು ಚೀಲದಿಂದ ಹೊರಬಂದಿಲ್ಲ. ಅವರು ಕಾಯುತ್ತಿರುವುದು ವರಾಂಡ ಗುಡಿಸುತ್ತಿರುವ ಆಯಮ್ಮನಿಗಾಗಿ.

ಅಪ್ಪನ ಕಣ್ಣು ಮಂಜಾದ ಮೇಲೆ ಸ್ಟುಡಿಯೋ ಇವರ ಹೆಗಲಿಗೆ ಬಿತ್ತು. ದಿನಕ್ಕೆ ಹತ್ತೋ ಹನ್ನೆರಡೋ ಪಾಸ್‌ಪೋರ್ಟ್ ಫೋಟೋ. ಕೂರುವವರು ಒಬ್ಬರೇ, ಬೆಳಕು ಹೇಳಿದ ಹಾಗೆ ಕೇಳುತ್ತದೆ. ಗುಂಪು ಫೋಟೋ ಅಂತ ತೆಗೆದದ್ದು ಕಳೆದ ವಾರ, ಈ ಶಾಲೆಯ ಸಿಬ್ಬಂದಿಯದೇ ಮೊದಲು. ಈ ಶಾಲೆಗೆ ಹೊರಟಾಗಲೆಲ್ಲ ಅಪ್ಪ ಕೇಳುವುದು ಒಂದೇ: "ನಾನು ತೆಗೆದ ಫೋಟೋಗಳು ಇನ್ನೂ ಗೋಡೆ ಮೇಲಿವೆಯಾ?"

"ಫ್ಲ್ಯಾಶ್ ಬೆಳಕು ದೂರ ಹೋದಷ್ಟೂ ಸೋಲುತ್ತೆ. ಮುಂದೆ ಕೂತಿದ್ದ ಮೇಷ್ಟ್ರುಗಳ ಮುಖ ನೋಡಿ ಸರಿಯಾಗಿದೆ ಅಂದ್ಕೊಂಡೆ. ಹಿಂದಿನ ಸಾಲಿನ ಕೊನೆ ನೋಡ್ಲೇ ಇಲ್ಲ" ಎನ್ನುವಾಗ ಸ್ಟುಡಿಯೋ ಅಕ್ಕ ತಲೆ ಎತ್ತುವುದಿಲ್ಲ. ಕೊನೆಯಲ್ಲಿದ್ದವರು ಆಯಮ್ಮ; ಅವರ ಮುಖ ಕತ್ತಲಲ್ಲಿ ಹೋಯಿತು. ಈ ತಿಂಗಳು ಅವರ ನಿವೃತ್ತಿ; ಇಲ್ಲಿ ಅವರಿಗೆ ಇನ್ನೊಂದು ಗುಂಪು ಫೋಟೋ ಇಲ್ಲ.

"ಫೋಟೋ ಮನೆಗೆ ತಗೊಂಡು ಹೋದ್ನಾ, ಮೊಮ್ಮಗಳು ಹುಡುಕೀ ಹುಡುಕೀ, ಅಜ್ಜೀ, ಆವತ್ತು ರಜಾ ಹಾಕಿದ್ಯಾ ಅಂದ್ಲು" ಎಂದು ಆಯಮ್ಮ ಪೊರಕೆ ಮೂಲೆಗಿಟ್ಟು ನಗುತ್ತಾರೆ.

"ತಪ್ಪು ನಂದೇ, ಆಯಮ್ಮ."

"ಅಯ್ಯೋ ಬಿಡಿ ತಾಯಿ, ಅದೇನು ಹೊಸದಾ?"

ಅವರು ಗೋಡೆಯತ್ತ ಕೈ ತೋರಿಸುತ್ತಾರೆ. ಹಳೆಯ ವರ್ಷಗಳ ಗುಂಪು ಫೋಟೋಗಳು. ಒಂದೊಂದರಲ್ಲೂ ಹಿಂದಿನ ಸಾಲಿನ ಕೊನೆಗೆ ಮಸುಕಾದ ಒಂದು ಭುಜ, ಅದರ ಮೇಲೆ ಕತ್ತಲು. "ಎಲ್ಲದರಲ್ಲೂ ನಾನೇ. ನಿಮ್ಮಪ್ಪನವರು ತೆಗೆದಿದ್ದು."

ಸ್ಟುಡಿಯೋ ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಒಂದು ತಪ್ಪು ತಿದ್ದಲು ಬಂದವರು ಅವರು. ಚಿಕ್ಕಂದಿನಲ್ಲಿ ಅಪ್ಪನಿಗೆ ಈ ಚೌಕಟ್ಟುಗಳ ಗಾಜು ಒರೆಸಿಕೊಟ್ಟವರೂ ಅವರೇ, ಆಗಲೂ ಆ ಭುಜ ಕಂಡಿರಲಿಲ್ಲ.

ಆಯಮ್ಮ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ.

"ಒರಗಿ ಕೂತ್ಕೊಳ್ಳಿ."

"ಈ ಕೋಣೇಲಿ ಕೂತು ಅಭ್ಯಾಸ ಇಲ್ವಲ್ಲ."

ಫೋಟೋ ತೆಗೆದಾದ ಮೇಲೆ ಆಯಮ್ಮ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತಮ್ಮ ಮುಖ ನೋಡಿ, "ಇಷ್ಟೊಂದು ಸುಕ್ಕಾ? ಕತ್ತಲೇ ವಾಸಿಯಿತ್ತು" ಎಂದು ಕೀಟಲೆ ಮಾಡುತ್ತಾರೆ. ಆದರೂ ಕ್ಯಾಮೆರಾ ಬೇಗ ಕೈಬಿಡುವುದಿಲ್ಲ.

"ಇನ್ಮೇಲೆ ಕೊನೇಲಿ ನಿಂತವರ ಮುಖ ನೋಡ್ಕೊಂಡೇ ಬೆಳಕು ಹೊಂದಿಸೋದು" ಎನ್ನುತ್ತ ಸ್ಟುಡಿಯೋ ಅಕ್ಕ ರಟ್ಟು ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಅಪ್ಪ ಗೋಡೆಯ ಫೋಟೋಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಅವರಿಗೆ ಅಕ್ಕ ಏನು ಹೇಳಿದರೋ ತಿಳಿಯದು. ವಿಚಾರಿಸಲು ಇದನ್ನು ಬರೆದವರಿಗೆ ಬಾಯಿ ಬರಲಿಲ್ಲ.